ಐದು ಪಾಲಾದ ಕ್ಯಾಪ್ಸೂಲು

ನಮ್ಮ ಮನೆಯಲ್ಲಿ ಯಾರೂ ಒಬ್ಬರೇ ಏನನ್ನೂ ತಿನ್ನುವ ಹಾಗಿಲ್ಲ. ಇದನ್ನು ಕೇಳಿದವರೆಲ್ಲ 'ಆಹಾ, ಎಂಥ ಒಗ್ಗಟ್ಟಿನ ಸಂಸಾರ' ಎಂದು ಕಣ್ಣರಳಿಸುತ್ತಾರೆ. ಅವರಿಗೇನು, ಹೇಳಿ ಹೋಗುತ್ತಾರೆ. ಒಂದು ವಾರ ಬಂದು ಇದ್ದು ನೋಡಲಿ, ಆಮೇಲೆ ಮಾತಾಡೋಣ.

ನಮ್ಮ ಮಾವನವರದು ತಕ್ಕಡಿ ರಿಪೇರಿ ಕೆಲಸ. ಮನೆಯ ಮುಂದಿನ ಭಾಗವೇ ಅಂಗಡಿ. ಮೂಟೆ ತೂಗುವ ಪ್ಲಾಟ್‌ಫಾರಂ ತಕ್ಕಡಿಯಿಂದ ಹಿಡಿದು ಚಿನ್ನ ತೂಗುವ ಗಾಜಿನ ಪೆಟ್ಟಿಗೆಯ ತಕ್ಕಡಿಯವರೆಗೆ ಎಲ್ಲವೂ ಅವರ ಕೈಗೆ ಬಂದು ಸರಿಯಾಗಿ ಹೋಗುತ್ತವೆ. ಬೇರೆಯವರ ತಕ್ಕಡಿ ಸರಿ ಮಾಡಿ ಮಾಡಿ, ಲೋಕದಲ್ಲಿ ಇರುವುದೆಲ್ಲ ಸಮಪಾಲಾಗಬೇಕು ಎಂದು ಅವರಿಗೆ ತಲೆಗೇರಿಬಿಟ್ಟಿದೆ. ಲೋಕ ಕೇಳಲಿಲ್ಲ. ಮನೆಯವರು ಕೇಳಲೇಬೇಕಾಯಿತು. ಹೊಸ ಸೋಪು ಬಂದರೆ ಅದನ್ನು ದಾರದಿಂದ ಐದು ತುಂಡು ಮಾಡುತ್ತಾರೆ. ಒಂದು ಬಾಳೆಹಣ್ಣು ಉಳಿದರೆ ಅದಕ್ಕೂ ಅದೇ ಗತಿ. ದಿನಪತ್ರಿಕೆಯನ್ನೂ ಹಾಳೆ ಬಿಡಿಸಿ ಹಂಚುತ್ತಾರೆ. ಕೊಲೆಯಾದದ್ದು ನನಗೆ ಗೊತ್ತಿರುತ್ತದೆ, ಕೊಂದವರು ಯಾರು ಎನ್ನುವುದು ನಾದಿನಿಯ ಪಾಲಿಗೆ ಹೋಗಿರುತ್ತದೆ. ಅವಳೋ, ಕೇಳಿದರೆ ಹೇಳುವ ಪೈಕಿಯಲ್ಲ.

ಮನೆಗೆ ಬಾತ್‌ರೂಮು ಒಂದೇ. ಅದರ ಬಾಗಿಲ ಪಕ್ಕದಲ್ಲಿ ಮಾವ ಒಂದು ಮರಳು ಗಡಿಯಾರ ಇಟ್ಟಿದ್ದಾರೆ. ಮೇಲಿನ ಗಾಜಿನ ಮರಳೆಲ್ಲ ಕೆಳಗೆ ಇಳಿಯುವುದರೊಳಗೆ ಒಳಗಿದ್ದವರು ಹೊರಗೆ ಬರಬೇಕು. ಯಾರು ಮನೆಗೆ ಮೊದಲು ಬಂದರೋ ಅವರು ಮೊದಲು. ಮಾವ ಇದೇ ಮನೆಯಲ್ಲಿ ಹುಟ್ಟಿದವರು, ಅವರದು ಮೊದಲ ಸರದಿ. ಆಮೇಲೆ ಅತ್ತೆ, ಆಮೇಲೆ ನನ್ನ ಗಂಡ, ಆಮೇಲೆ ನಾದಿನಿ. ಮದುವೆಯಾಗಿ ಬಂದ ನಾನು ಕೊನೆ. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು, ಸಂಜೆ ಒಂದು ಸುತ್ತು. ಸುತ್ತು ಮುಗಿದ ಕೂಡಲೇ ಬಾಗಿಲಿಗೆ ಬೀಗ, ಬೀಗದ ಕೈ ಮಾವನ ಜೇಬಿನಲ್ಲಿ. ಬೀಗ ಯಾಕೆ ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ.

"ಒಬ್ರು ಜಾಸ್ತಿ ಸಲ ಹೋದ್ರೆ ಉಳಿದವ್ರಿಗೆ ಅನ್ಯಾಯ ಆಗಲ್ವೇನಮ್ಮಾ?" ಎಂದಿದ್ದರು ಮಾವ, ತುಂಬ ಪ್ರೀತಿಯಿಂದ.

ಇಂಥ ಪ್ರೀತಿಗೆ ಎದುರಾಡುವುದು ಹೇಗೆ? ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಇಡೀ ದಿನ ಅಂಗಡಿಯಲ್ಲಿ ಕೂತು ತಕ್ಕಡಿ ತಟ್ಟೆಗಳನ್ನು ಉಜ್ಜುವುದು ನನ್ನ ಕೆಲಸ. ಕಾಲ ಮೇಲೆ ಕಾಲು ಹಾಕಿಕೊಂಡು, ಹಲ್ಲು ಕಚ್ಚಿಕೊಂಡು ಉಜ್ಜುತ್ತಿದ್ದೆ. ತಟ್ಟೆಗಳು ಫಳಫಳ ಹೊಳೆಯುತ್ತಿದ್ದವು. ಸೊಸೆಗೆ ಕೆಲಸದಲ್ಲಿ ಎಷ್ಟು ಶ್ರದ್ಧೆ ಎಂದು ಮಾವ ಗಿರಾಕಿಗಳ ಮುಂದೆ ಹೊಗಳುತ್ತಿದ್ದರು.

ಹೀಗೆ ನಡೆಯುತ್ತಿದ್ದದ್ದು ಒಂದು ಬೆಳಿಗ್ಗೆ ಕೈಕೊಟ್ಟಿತು. ನನ್ನ ಸರದಿ ಬಂದು ಒಳಗೆ ಹೋದರೆ ಉರಿ, ಅಂಥ ಉರಿ ಶತ್ರುವಿಗೂ ಬೇಡ. ಬಂದದ್ದು ನಾಲ್ಕು ಹನಿ. ಹೊರಗೆ ಬಂದು ಕೂತರೆ ಮತ್ತೆ ಹೋಗಬೇಕು ಅನ್ನಿಸುತ್ತದೆ, ಬಾಗಿಲಿಗೆ ಬೀಗ. ಗಂಡನ ತೋಳು ಹಿಡಿದು ಎಳೆದುಕೊಂಡೇ ಡಾಕ್ಟರಮ್ಮನ ಹತ್ತಿರ ಹೋದೆ.

ಡಾಕ್ಟರಮ್ಮ ಅವಸರದವರಲ್ಲ. ಬಸುರಿಯೇ, ಕಿಡ್ನಿ ತೊಂದರೆ ಇದೆಯೇ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಹಿಂದೆ ಯಾವುದಾದರೂ ಔಷಧಿಗೆ ಮೈಮೇಲೆ ದದ್ದು ಎದ್ದಿತ್ತೇ ಎಂದೆಲ್ಲ ವಿಚಾರಿಸಿದರು. ಮಾತ್ರೆ ಶುರು ಮಾಡುವ ಮುಂಚೆಯೇ ಮೂತ್ರ ಪರೀಕ್ಷೆಗೆ ಕೊಟ್ಟು ಹೋಗಲು ಹೇಳಿದರು.

"ಯಾವ ಕ್ರಿಮಿ, ಅದು ಯಾವ ಔಷಧಿಗೆ ಬಗ್ಗತ್ತೆ ಅಂತ ಗೊತ್ತಾಗ್ಬೇಕಲ್ಲ. ರಿಪೋರ್ಟ್ ಬರೋ ತನಕ ಇದನ್ನ ತಗೊಳ್ಳಿ" ಎಂದು ಕ್ಯಾಪ್ಸೂಲು ಬರೆದುಕೊಟ್ಟರು. ಅದರ ಹೆಸರು ಓದಬೇಕಾದರೆ ನಾಲಿಗೆಯನ್ನು ಮೂರು ಕಡೆ ಮಡಚಬೇಕು. "ಊಟದ ಜೊತೆಗೇ ತಗೋಬೇಕು, ಖಾಲಿ ಹೊಟ್ಟೇಲಿ ಬೇಡ. ಮೂತ್ರದ ಬಣ್ಣ ಗಾಢ ಆಗತ್ತೆ, ಕಂದು ಬಣ್ಣ ಬಂದ್ರೂ ಹೆದರ್ಬೇಡಿ, ಅದು ಔಷಧಿ ಬಣ್ಣ. ಉರಿ ನಿಂತೋಯ್ತು ಅಂತ ಮಧ್ಯದಲ್ಲಿ ಬಿಡೋ ಹಾಗಿಲ್ಲ, ಕೊಟ್ಟಷ್ಟೂ ಮುಗಿಸ್ಬೇಕು. ಚೆನ್ನಾಗಿ ನೀರು ಕುಡೀರಿ, ತಡ್ಕೊಂಡು ಕೂತ್ಕೋಬೇಡಿ. ಜ್ವರ, ನಡುಕ, ಬೆನ್ನಿನ ಪಕ್ಕದಲ್ಲಿ ನೋವು, ಇವುಗಳಲ್ಲಿ ಒಂದು ಬಂದ್ರೂ ಸೀದಾ ಇಲ್ಲಿಗೆ ಬಂದ್ಬಿಡಿ."

ಎಲ್ಲದಕ್ಕೂ ನನ್ನ ಗಂಡ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಪಾಪ, ಡಾಕ್ಟರಮ್ಮನದೂ ತಪ್ಪಿಲ್ಲ. ಎಲ್ಲ ಹೇಳಿದರು, ಇನ್ನೊಬ್ಬರಿಗೆ ಹಂಚಬೇಡಿ ಎಂದು ಮಾತ್ರ ಹೇಳಲಿಲ್ಲ. ಅದನ್ನೂ ಹೇಳಬೇಕಾಗುತ್ತದೆ ಎಂದು ಯಾವ ಡಾಕ್ಟರಿಗೆ ತಾನೇ ಹೊಳೆದೀತು?

ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಹಾಳೆಯಿಂದ ಕ್ಯಾಪ್ಸೂಲು ಬಿಡಿಸಿ ಬಾಯಿಗೆ ಹಾಕಿಕೊಳ್ಳಬೇಕು ಅನ್ನುವಷ್ಟರಲ್ಲಿ ಎಲ್ಲರ ಕೈಯೂ ತಟ್ಟೆಯ ಮೇಲೇ ನಿಂತಿತು.

"ಒಬ್ಳೇನಾ?" ಎಂದರು ಅತ್ತೆ.

"ನನಗೆ ಕಾಯಿಲೆ ಅತ್ತೆ."

"ಒಂದೇ ಬಾತ್‌ರೂಮು, ಒಂದೇ ನೀರು, ಒಂದೇ ಅಡುಗೆ" ಎಂದರು ಮಾವ. "ನಿನಗೆ ಬಂದಿದ್ದು ನಮಗೆ ಬರದೆ ಇರತ್ತಾ? ಇವತ್ತಲ್ಲ ನಾಳೆ ಬಂದೇ ಬರತ್ತೆ. ಕೊಡಮ್ಮಾ ಇಲ್ಲಿ."

ನಾನು ಗಂಡನ ಮುಖ ನೋಡಿದೆ. ಅವರು ಅಪ್ಪನ ಮುಖ ನೋಡಿ ತಲೆಯಾಡಿಸಿದರು. ಆಮೇಲೆ ನನ್ನ ಕಿವಿಯಲ್ಲಿ, "ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಎಂದರು. ಈ ಮಾತು ಕಂಡುಹಿಡಿದವರು ಯಾರೋ ಗೊತ್ತಿಲ್ಲ, ಅವರು ಗಂಡಸೇ ಇರಬೇಕು.

ಚಿನ್ನದ ತಕ್ಕಡಿ ಊಟದ ಮೇಜಿಗೆ ಬಂತು. ಮಾವ ಕನ್ನಡಕ ಒರೆಸಿಕೊಂಡು ಕ್ಯಾಪ್ಸೂಲನ್ನು ಬಿಚ್ಚಿದರು. ಒಳಗೆ ಹಳದಿ ಪುಡಿ. "ಫ್ಯಾನ್ ಆರ್ಸಿ, ಯಾರೂ ಉಸಿರು ಬಿಡ್ಬೇಡಿ" ಎಂದು ಅಪ್ಪಣೆಯಾಯಿತು. ಚಿಮಟದ ತುದಿಯಲ್ಲಿ ಪುಡಿ ಎತ್ತಿ, ಮುಳ್ಳು ಅಲುಗಾಡದೆ ನಿಲ್ಲುವವರೆಗೆ ಕಾದು, ಐದು ಕಾಗದದ ಚೂರುಗಳಿಗೆ ಹಂಚಿದರು. ಅಷ್ಟು ಕರಾರುವಾಕ್ಕಾದ ಅನ್ಯಾಯವನ್ನು ನಾನು ಜೀವನದಲ್ಲಿ ನೋಡಿರಲಿಲ್ಲ. ಕೊನೆಗೆ ಕ್ಯಾಪ್ಸೂಲಿನ ಎರಡು ಖಾಲಿ ಚಿಪ್ಪುಗಳು ಉಳಿದವು. ಜನ ಐದು, ಚಿಪ್ಪು ಎರಡು. ಮಾವ ಬಹಳ ಹೊತ್ತು ಯೋಚಿಸಿದರು.

"ಇವು ನೀನೇ ತಗೋಮ್ಮಾ" ಎಂದರು ಕೊನೆಗೆ, ದೊಡ್ಡ ಮನಸ್ಸು ಮಾಡಿ. "ಕಾಯಿಲೆಯವಳಲ್ವಾ, ನಿನಗೆ ಜಾಸ್ತಿ."

ಆವತ್ತಿನಿಂದ ಹೊತ್ತು ಹೊತ್ತಿಗೆ ಇದೇ ನಡೆಯಿತು. ಮೊದಲು ಮಾವ ಬಾತ್‌ರೂಮಿನಿಂದ ಹೊರಗೆ ಬಂದು ಅಂಗಳದಲ್ಲಿ ನಿಂತು ಸಾರಿದರು, "ನನಗೂ ಬಣ್ಣ ಬಂದಿದೆ!" ಆಮೇಲೆ ಗಂಡನಿಗೂ ಬಂತು. ಅತ್ತೆ ಬಾಯಿ ಬಿಡಲಿಲ್ಲ, ಆದರೆ ತಲೆಯಾಡಿಸಿದರು. ಬಣ್ಣ ಬಂದದ್ದು ಔಷಧಿಯಿಂದ ಎಂದು ನಾನು ಬಾಯಿ ಬಡಿದುಕೊಂಡೆ. ಯಾರು ಕೇಳುತ್ತಾರೆ?

"ನೋಡಿದ್ಯಾ, ಎಲ್ರಿಗೂ ಇತ್ತು ಕಾಯಿಲೆ! ಸದ್ಯ, ಹಂಚ್ಕೊಂಡು ಬದುಕ್ಕೊಂಡ್ವಿ" ಎಂದು ಮಾವ ನನ್ನ ತಲೆ ಸವರಿದರು. ನಾದಿನಿಯ ಕುತ್ತಿಗೆಯಿಂದ ಮೊಣಕೈವರೆಗೆ ಕೆಂಪು ದದ್ದು ಎದ್ದಿತು. ಅವಳು ಕೆರೆದುಕೊಳ್ಳುತ್ತಾ ಕೂತಿದ್ದರೆ, ಒಳಗಿನ ಹೊಲಸೆಲ್ಲ ಹೊರಗೆ ಬರುತ್ತಿದೆ ಎಂದು ಎಲ್ಲರಿಗೂ ಸಂತೋಷ. ನನ್ನ ಉರಿ ಮಾತ್ರ ಒಂದಿಷ್ಟು ತಗ್ಗಿದ ಹಾಗೆ ನಟನೆ ಮಾಡಿ ಮತ್ತೆ ಹೆಗಲೇರಿತು.

ಅಂಗಡಿಯಲ್ಲಿ ತಟ್ಟೆ ಉಜ್ಜುತ್ತಿದ್ದಾಗ ನಡುಕ ಶುರುವಾಯಿತು. ಕೈಯಲ್ಲಿದ್ದ ತಟ್ಟೆ ಗಡಗಡ ಸದ್ದು ಮಾಡಿತು. ಬಲಗಡೆ ಬೆನ್ನಿನ ಪಕ್ಕದಲ್ಲಿ ಯಾರೋ ಗುದ್ದಿದ ಹಾಗೆ ನೋವು. ಹಣೆ ಮುಟ್ಟಿ ನೋಡಿದ ಗಂಡ ಈ ಸಲ ತಲೆಯಾಡಿಸಲಿಲ್ಲ, ಆಟೋ ಕರೆದರು. ನನಗೆ ನಿಜವಾಗಿ ಭಯವಾಗಿತ್ತು. ಇನ್ನೂ ಬಾಳಬೇಕಾದವಳು ನಾನು, ಒಂದು ಬೀಗದ ಕೈಗೋಸ್ಕರ ಸಾಯಬೇಕೇ ಎಂದು ದಾರಿಯುದ್ದಕ್ಕೂ ಅಳು ನುಂಗಿಕೊಂಡೆ.

"ಕ್ಯಾಪ್ಸೂಲು ಸರಿಯಾಗಿ ತಗೊಂಡ್ರಾ?" ಎಂದು ಕೇಳಿದರು ಡಾಕ್ಟರಮ್ಮ.

"ತಗೊಂಡ್ವಿ ಮೇಡಂ" ಎಂದರು ನನ್ನ ಗಂಡ.

"ನೀವಲ್ಲ, ಅವ್ರು."

"ಅವ್ಳೂ ತಗೊಂಡ್ಳು. ನಾವೆಲ್ಲ ತಗೊಂಡ್ವಿ. ಸಮಾನವಾಗಿ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಡೆದದ್ದನ್ನೆಲ್ಲ ನಾನೇ ಹೇಳಿದೆ, ಚಿಪ್ಪಿನ ತನಕ. ಅವರ ಮುಖದಲ್ಲಿ ನಗುವೂ ಇತ್ತು, ಸಿಟ್ಟೂ ಇತ್ತು. ಗೆದ್ದದ್ದು ಸಿಟ್ಟು.

"ಐದರಲ್ಲಿ ಒಂದು ಪಾಲು ತಿಂದ್ರೆ ಕ್ರಿಮಿ ಸಾಯಲ್ಲಪ್ಪಾ. ಔಷಧಿ ಏಟು ತಡ್ಕೊಳ್ಳೋದನ್ನ ಕಲಿತ್ಕೊಳ್ಳತ್ತೆ. ಈಗ ನೋಡಿ, ಕಿಡ್ನಿ ತನಕ ಏರಿದೆ. ಹಳೇ ಕ್ಯಾಪ್ಸೂಲು ಇನ್ನು ಇದಕ್ಕೆ ಸಾಲಲ್ಲ. ನಿಮ್ಮ ತಂಗೀನ ಇವತ್ತೇ ಕರ್ಕೊಂಡ್ಬನ್ನಿ, ಅದು ಹೊಲಸಲ್ಲ, ಆ ಔಷಧಿ ಅವಳ ಮೈಗೆ ಆಗಲ್ಲ. ಇನ್ನೊಂದ್ಸಲ ಮುಟ್ಟಕೂಡದು. ನಿಮ್ಮ ತಂದೆ ಕಿಡ್ನಿ ಹೇಗಿದೆ ಅಂತ ಯಾರಿಗಾದ್ರೂ ಗೊತ್ತಾ?"

ಯಾರಿಗೂ ಗೊತ್ತಿರಲಿಲ್ಲ. ಪರೀಕ್ಷೆಯ ರಿಪೋರ್ಟು ನೋಡಿ ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟರು, ಬೇರೆ ಮಾತ್ರೆ ಬರೆದರು. ನಾಳೆ ಮತ್ತೆ ಬಂದು ತೋರಿಸಬೇಕು, ವಾಂತಿಯಾದರೆ ಅಥವಾ ಜ್ವರ ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸಬೇಕು ಎಂದರು. ಆಮೇಲೆ ನನ್ನ ಗಂಡನನ್ನು ಗುರಿಯಿಟ್ಟು ನೋಡಿ, "ಇವು ಇವರೊಬ್ಬರಿಗೆ. ಪೂರ್ತಿ. ಗೊತ್ತಾಯ್ತಾ?" ಎಂದರು.

ಮನೆಗೆ ಬಂದು ಗಂಡ ಎಲ್ಲವನ್ನೂ ಒಪ್ಪಿಸಿದರು. ಮಾವ ಗಂಭೀರವಾಗಿ ಕೇಳಿಸಿಕೊಂಡರು. ನಾದಿನಿಯನ್ನು ಕೂಡಲೇ ಡಾಕ್ಟರಮ್ಮನ ಹತ್ತಿರ ಕಳಿಸಿದರು, ಅಷ್ಟು ಒಳ್ಳೆಯತನ ಅವರಲ್ಲಿದೆ. ಆಮೇಲೆ ಹೋಗಿ ಚಿನ್ನದ ತಕ್ಕಡಿ ತಂದರು.

"ಅಪ್ಪಾ, ಡಾಕ್ಟರು ಒಬ್ಬಳಿಗೇ ಅಂದ್ರು."

"ಅದು ಬೇರೆ ಮನೆಯವ್ರಿಗೆ ಹೇಳೋ ಮಾತು ಕಣೋ. ನಮ್ಮ ಮನೇಲಿ ಇಷ್ಟು ವರ್ಷ ಒಬ್ಬರನ್ನ ಬಿಟ್ಟು ಇನ್ನೊಬ್ರು ತಿಂದಿದ್ದಾರಾ? ಈಗ ಮಗಳಿಗೆ ಆಗಲ್ಲ ಅಂತಾಯ್ತು, ನಾಲ್ಕು ಪಾಲು ಮಾಡೋಣ. ಸೊಸೇಗೆ ಮೊದಲಿಗಿಂತ ಜಾಸ್ತೀನೇ ಸಿಗತ್ತೆ."

ನನ್ನ ಪಿತ್ತ ನೆತ್ತಿಗೇರಿತು. ಕಂಬಳಿ ಹೊದ್ದು ನಡುಗುತ್ತಾ ಕೂತಿದ್ದವಳು ಎದ್ದು ನಿಂತೆ.

"ಹಂಚಿ ಮಾವ. ಧಾರಾಳವಾಗಿ ಹಂಚಿ. ಆದ್ರೆ ಮಾತ್ರೆ ಹಂಚೋಕೆ ಮುಂಚೆ ಈ ಜ್ವರ ಹಂಚಿ. ಬೆನ್ನು ನೋವು ಹಂಚಿ. ಆ ಉರಿ ಇದ್ಯಲ್ಲಾ, ಅದನ್ನ ನಾಲ್ಕು ಪೊಟ್ಟಣ ಕಟ್ಟಿ ನಾಲ್ಕು ಜನಕ್ಕೂ ಕೊಡಿ. ನಾನು ಮಾತ್ರ ಒಬ್ಳೇ ಇಟ್ಕೊಂಡು ತಿಂತಿದ್ದೀನಲ್ಲ, ಅನ್ಯಾಯ ಅಲ್ವಾ?"

ಅತ್ತೆಯ ಕೈಯಿಂದ ಲೋಟ ಜಾರಿತು. ಗಂಡ ಗೋಡೆ ನೋಡಿದರು. ಇನ್ನೇನು ಮಾವ ಸಿಡಿಯುತ್ತಾರೆ ಎಂದುಕೊಂಡೆ. ಅವರು ಗಲ್ಲ ಕೆರೆದುಕೊಂಡರು.

"ನ್ಯಾಯವಾದ ಮಾತು" ಎಂದರು. "ನನಗೆ ಮೊದಲೇ ಹೊಳೀಬೇಕಿತ್ತು. ಬಾಮ್ಮಾ."

ನನ್ನನ್ನು ಅಂಗಡಿಗೆ ನಡೆಸಿಕೊಂಡು ಹೋಗಿ ಮೂಟೆ ತೂಗುವ ಪ್ಲಾಟ್‌ಫಾರಂ ಮೇಲೆ ನಿಲ್ಲಿಸಿದರು. ಕಂಬಳಿಯನ್ನು ಅತ್ತೆ ಹಿಡಿದುಕೊಂಡರು. ಮನೆಯವರೆಲ್ಲರ ತೂಕವನ್ನು ಮಾವ ಆಗಾಗ ನೋಡಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಅವರ ಲೆಕ್ಕ ಸರಳವಾಗಿತ್ತು. ಈಗಿನ ತೂಕದಲ್ಲಿ ಹಳೆಯ ತೂಕ ಕಳೆದರೆ ಉಳಿಯುವುದು ಜ್ವರ. ಅದನ್ನು ನಾಲ್ಕರಿಂದ ಭಾಗಿಸಿದರಾಯಿತು. ಮುಂದೆ ಹೇಗೆ ಕೊಡುವುದು ಎನ್ನುವುದನ್ನು ಆಮೇಲೆ ನೋಡಿಕೊಳ್ಳಬಹುದು.

ಮಾವ ತೂಕದ ಬಟ್ಟುಗಳನ್ನು ಒಂದೊಂದಾಗಿ ಇಟ್ಟರು. ಒಂದನ್ನು ತೆಗೆದರು. ಇನ್ನೊಂದನ್ನೂ ತೆಗೆದರು. ಗೋಡೆ ನೋಡಿದರು.

"ಕಮ್ಮಿ ತೋರಿಸ್ತಿದೆ" ಎಂದರು.

"ತಕ್ಕಡಿ ಕೆಟ್ಟಿರ್ಬೇಕು" ಎಂದರು ಗಂಡ. ಆ ಅಂಗಡಿಯಲ್ಲಿ ಆಡಬಾರದ ಮಾತದು. ಮಾವ ಮಗನನ್ನು ದುರುಗುಟ್ಟಿ ನೋಡಿ, ಮುದ್ರೆಯೊತ್ತಿದ ಅಸಲಿ ಬಟ್ಟುಗಳನ್ನು ತಂದು ತಕ್ಕಡಿ ಪರೀಕ್ಷೆ ಮಾಡಿದರು. ತಕ್ಕಡಿ ಸರಿಯಾಗಿಯೇ ಇತ್ತು. ನನ್ನನ್ನು ಮತ್ತೆ ನಿಲ್ಲಿಸಿದರು. ಮತ್ತೆ ಕಮ್ಮಿ.

"ಜ್ವರ ಅಂದ್ರೆ ಮೈಗೆ ಬಂದಿದ್ದು ತಾನೆ? ಬಂದಿದ್ರೆ ತೂಕ ಹೆಚ್ಬೇಕಲ್ಲ?" ಎಂದು ಮಾವ ತಮ್ಮಷ್ಟಕ್ಕೆ ಕೇಳಿಕೊಂಡರು. ನಾನು ಪ್ಲಾಟ್‌ಫಾರಂ ಮೇಲೇ ಕುಸಿದು ಕೂತೆ. ತಕ್ಕಡಿಯ ಮುಳ್ಳು ಒಂದೆರಡು ಸಲ ಓಲಾಡಿ, ಅದೇ ಕಮ್ಮಿ ತೂಕಕ್ಕೆ ಬಂದು ನಿಂತಿತು.

ಮಾವ ಸ್ಟೂಲಿನ ಮೇಲೆ ಕೂತರು. ರಿಪೇರಿಗೆ ಬಂದಿದ್ದ ಒಂದು ಕಬ್ಬಿಣದ ಬಟ್ಟು ಪಕ್ಕದಲ್ಲೇ ಇತ್ತು. ಅದನ್ನು ಎತ್ತಿ ಬುಡಮೇಲು ಮಾಡಿ ನೋಡಿದರು. ಬಟ್ಟಿನ ಬುಡದಲ್ಲಿ ಒಂದು ಸಣ್ಣ ಗುಳಿ ಇರುತ್ತದೆ. ಬಳಸಿ ಬಳಸಿ ಬಟ್ಟು ಸವೆದು ತೂಕ ಕಳೆದುಕೊಂಡರೆ, ಆ ಗುಳಿಗೆ ಸೀಸ ತುಂಬಿ ಸರಿ ಮಾಡುತ್ತಾರೆ. ಮಾವ ಜೀವಮಾನವೆಲ್ಲ ಮಾಡಿದ ಕೆಲಸವೇ ಅದು. ಆವತ್ತು ಮಾತ್ರ ಆ ಗುಳಿಯನ್ನು ಮೊದಲ ಸಲ ಕಂಡವರ ಹಾಗೆ ಹೆಬ್ಬೆರಳಿನಿಂದ ಸವರುತ್ತಾ ಕೂತುಬಿಟ್ಟರು.

"ಸವೆದಿದ್ದು ಇದೊಂದು" ಎಂದರು ನಿಧಾನವಾಗಿ. "ಸೀಸ ಇದಕ್ಕೇ ತುಂಬಬೇಕು. ಪಕ್ಕದ ಬಟ್ಟುಗಳಿಗೂ ಒಂದೊಂದು ಹನಿ ಹಂಚಿದ್ರೆ ಇದೂ ಸರಿಹೋಗಲ್ಲ, ಅವೂ ಕೆಡ್ತವೆ." ಮತ್ತೆ ತಲೆಯೆತ್ತಿ ನನ್ನನ್ನು ನೋಡಿದರು. "ಅಯ್ಯೋ ಮಗಳೇ, ನಾವು ನಿನ್ನನ್ನ ಇಷ್ಟು ಸವೆಸಿಬಿಟ್ವಾ?"

ಅವರ ಕಣ್ಣಲ್ಲಿ ನೀರಿತ್ತು. ನನಗೂ ಅಳು ತಡೆಯಲಾಗಲಿಲ್ಲ. ಮಾತ್ರೆಯ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಆಮೇಲೆ ಜೇಬಿಗೆ ಕೈ ಹಾಕಿ ಬಾತ್‌ರೂಮಿನ ಬೀಗದ ಕೈಯನ್ನೂ ಕೊಟ್ಟರು. "ವಾಸಿ ಆಗೋ ತನಕ" ಎಂದು ಸೇರಿಸುವುದನ್ನು ಮಾತ್ರ ಮರೆಯಲಿಲ್ಲ.

ಆ ಮನೆಯಲ್ಲಿ ಒಬ್ಬಳೇ ಏನನ್ನಾದರೂ ನುಂಗುವುದು ಎಂದರೆ ಸಣ್ಣ ವಿಷಯವಲ್ಲ. ಮೊದಲ ಮಾತ್ರೆ ತೆಗೆದುಕೊಳ್ಳುವಾಗ ನಾಲ್ವರೂ ನನ್ನ ಸುತ್ತ ಕೂತರು. ನಾನು ಬಾಯಿ ತೆರೆದರೆ ಅವರೂ ತೆರೆದರು. ನಾನು ನೀರು ಕುಡಿದರೆ ಅವರ ಗಂಟಲೂ ಅಲುಗಾಡಿತು. "ಹೋಯ್ತಾ?" ಎಂದು ಮಾವ ಕೇಳಿದರು. "ಹೋಯ್ತು" ಎಂದೆ. ಎಲ್ಲರೂ ಉಸಿರು ಬಿಟ್ಟರು. ಡಾಕ್ಟರಮ್ಮನಿಂದ ದದ್ದಿಗೆ ಔಷಧಿ ತಂದಿದ್ದ ನಾದಿನಿ, ಇನ್ನೂ ಕೆರೆದುಕೊಳ್ಳುತ್ತಲೇ, ತನ್ನ ಪಾಲಿನ ದಿನಪತ್ರಿಕೆ ತಂದು ಕೊಂದವರು ಯಾರು ಎಂದು ನನಗೆ ಓದಿ ಹೇಳಿದಳು. ಅದೂ ಮೊದಲ ಸಲವೇ.

ಮರುದಿನ ಡಾಕ್ಟರಮ್ಮನಿಗೆ ತೋರಿಸುವ ಹೊತ್ತಿಗೆ ಜ್ವರ ಇಳಿಯುತ್ತಿತ್ತು. ಆಸ್ಪತ್ರೆ ಸೇರುವುದು ತಪ್ಪಿತು. ಚೊಂಬುಗಟ್ಟಲೆ ನೀರು ಕುಡಿದೆ, ಬೇಕೆಂದಾಗ ಬೀಗ ತೆಗೆದು ಹೋದೆ. ಮೈ ಹಗುರಾಯಿತು, ಉರಿ ನಿಂತಿತು. ಮಾತ್ರೆ ಮಾತ್ರ ಇನ್ನೂ ಉಳಿದಿದ್ದವು.

"ವಾಸಿ ಆಯ್ತಲ್ಲ, ಉಳಿದಿದ್ದು ಎತ್ತಿಡು, ಯಾರಿಗಾದ್ರೂ ಬೇಕಾಗತ್ತೆ" ಎಂದರು ಗಂಡ. ಕೈಯಲ್ಲಿದ್ದ ಚೊಂಬನ್ನು ನಾನು ಕುಕ್ಕಿದ ರೀತಿಗೇ ಅವರಿಗೆ ಅರ್ಥವಾಯಿತು, ತಲೆಯಾಡಿಸಿಕೊಂಡು ಅಂಗಡಿಗೆ ಹೋದರು.

ಕೊನೆಯ ಮಾತ್ರೆಗಳು ಉಳಿದಿದ್ದ ಒಂದು ಬೆಳಿಗ್ಗೆ ಅತ್ತೆ ಅಡುಗೆಮನೆಗೆ ಬಂದು ಬಾಗಿಲು ಓರೆ ಮಾಡಿದರು. ಸೆರಗಿನಲ್ಲಿ ಕೈ ಒರೆಸಿಕೊಂಡರು, ಒರೆಸಲು ಏನೂ ಇಲ್ಲದಿದ್ದರೂ.

"ಒಂದೇ ಒಂದು ಕೊಡೇ" ಎಂದರು ಸಣ್ಣ ದನಿಯಲ್ಲಿ. "ನಿಮ್ಮ ಮಾವಂಗೆ ಹೇಳಲ್ಲ."

"ಏನು ಅತ್ತೆ?"

"ಆ ಮಾತ್ರೆ."

"ನಿಮಗೂ ಉರಿಯತ್ತಾ?"

ಅತ್ತೆ ಒಲೆಯ ಕಡೆ ನೋಡಿದರು. "ಬರತ್ತೆ, ಹೋಗತ್ತೆ. ಎಷ್ಟೋ ವರ್ಷ ಆಯ್ತು. ನೀನು ಬರೋಕೆ ಮುಂಚೆ, ಇವರ ಅಪ್ಪ ಅಮ್ಮ, ತಮ್ಮಂದಿರು ಎಲ್ಲ ಇದ್ದಾಗ, ಆ ಸರದೀಲಿ ಕೊನೇಲಿ ನಿಲ್ತಿದ್ದಿದ್ದು ನಾನೇ ಅಲ್ವಾ? ನಿನ್ನಷ್ಟು ಬಾಯಿ ಇರ್ಲಿಲ್ಲ ನನಗೆ."

ಆ ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ಕೇಳಿದ ಮೊದಲ ವಸ್ತು ಅದು. ಕೊಟ್ಟುಬಿಡಬೇಕು ಎಂದು ಕೈ ತಾನಾಗಿಯೇ ಮುಂದೆ ಹೋಯಿತು. ಅದನ್ನು ಹಿಂದಕ್ಕೆ ಎಳೆದುಕೊಂಡು ಮಾತ್ರೆಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟೆ.

"ಕೊಡಲ್ಲ ಅತ್ತೆ."

ಅವರ ಮುಖ ಸಣ್ಣದಾಯಿತು. "ಒಂದೂ ಕೊಡಲ್ವಾ?"

"ಅರ್ಧಾನೂ ಕೊಡಲ್ಲ. ನಿಮ್ಮ ಕ್ರಿಮಿ ಯಾವ್ದೋ, ನಿಮಗೆ ಯಾವ ಔಷಧಿ ಆಗತ್ತೋ ಆಗಲ್ವೋ, ನನಗೇನು ಗೊತ್ತು? ಚಪ್ಪಲಿ ಹಾಕ್ಕೊಳ್ಳಿ. ನಿಮ್ಮ ಮಾತ್ರೆ ನಿಮಗೇ ಬರೆಸ್ಕೊಂಡ್ಬರೋಣ."

ಅತ್ತೆ ಕಣ್ಣೊರೆಸಿಕೊಂಡು, "ಹೋಗೋಕೆ ಮುಂಚೆ ಒಂದ್ಸಲ..." ಎಂದು ಬಾತ್‌ರೂಮಿನ ಕಡೆ ಕೈ ತೋರಿಸಿದರು. ಬೀಗ ತೆಗೆದುಕೊಟ್ಟೆ. ಸರದಿಯಲ್ಲದ ಹೊತ್ತಿನಲ್ಲಿ ಬಾಗಿಲ ಸದ್ದು ಕೇಳಿ ಮಾವ ಅಂಗಡಿಯಿಂದ ಬಂದರು. ಅಭ್ಯಾಸಬಲ, ಬಂದವರೇ ಮರಳು ಗಡಿಯಾರ ತಿರುಗಿಸಿದರು.

"ಒಳಗ್ಯಾರು?"

"ಅತ್ತೆ. ಅವ್ರಿಗೂ ಉರಿ ಇದೆ ಮಾವ. ವರ್ಷಗಳಿಂದ ಇದೆಯಂತೆ. ನಾವಿಬ್ರೂ ಡಾಕ್ಟರ ಹತ್ರ ಹೊರಟಿದ್ದೀವಿ."

ಮರಳು ಸುರಿಯುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ಮೇಲಿನ ಗಾಜಿನಲ್ಲಿ ಒಂದು ಚಿಟಿಕೆಯಷ್ಟು ಉಳಿದಾಗ, ಬಾಗಿಲು ತಟ್ಟಲು ಅವರ ಕೈ ಮೇಲೆದ್ದಿತು. ಮೇಲೆದ್ದ ಕೈ ಅಲ್ಲೇ ನಿಂತಿತು. ಆಮೇಲೆ ಅವರು ಬಗ್ಗಿ, ಗಡಿಯಾರವನ್ನು ಮೆಲ್ಲಗೆ ಅಡ್ಡ ಮಲಗಿಸಿ, ಹಿಂದಿರುಗಿ ನೋಡದೆ ಅಂಗಡಿಗೆ ಹೋದರು.

"ಮರಳು ಮುಗೀತೇನೇ?" ಎಂದು ಅತ್ತೆ ಒಳಗಿನಿಂದ ಗಾಬರಿಯಲ್ಲಿ ಕೂಗಿದರು.

"ಇಲ್ಲ ಅತ್ತೆ" ಎಂದೆ. "ನಿಧಾನವಾಗಿ ಬನ್ನಿ."